ಹವ್ಯಾಸಿಗೆ ತಕ್ಕ ಸಿಮ್ಯುಲೇಟರ್ ಯಾವುದು?

ಸಂಸ್ಕಾರಕ, ಸ್ಮೃತಿ ಮತ್ತು ಹೊರಜಗತ್ತಿನೊಂದಿಗೆ ವ್ಯವಹರಿಸುವ ಪಿನ್‌ಗಳು ಒಂದೇ ಚಿಪ್‌ನಲ್ಲಿ ಅಡಕವಾಗಿರುವ ಪುಟ್ಟ ಗಣಕಕ್ಕೆ ಮೈಕ್ರೊಕಂಟ್ರೋಲರ್ ಎಂದು ಹೆಸರು. ಅದನ್ನು ಬಳಸಿ ಹವ್ಯಾಸಿಗಳು ಕಟ್ಟುವ ಪ್ರತಿಯೊಂದು ಸಾಧನದಲ್ಲಿಯೂ ಎರಡು ಭಿನ್ನ ಸಂಗತಿಗಳು ಕೂಡಿರುತ್ತವೆ: ಚಿಪ್‌ನ ಒಳಗೆ ನಡೆಯುವ ಪ್ರೋಗ್ರಾಮು ಒಂದು, ಚಿಪ್‌ನ ಸುತ್ತ ಹರಿಯುವ ವಿದ್ಯುತ್ತು ಇನ್ನೊಂದು. ಮೊದಲನೆಯದು ತರ್ಕದ ನಿಯಮಗಳಿಗೂ ಎರಡನೆಯದು ವೋಲ್ಟೇಜು ಮತ್ತು ಕರೆಂಟುಗಳ ನಿಯಮಗಳಿಗೂ ಅಧೀನವಾಗಿರುವುದರಿಂದ, ಸಾಧನವನ್ನು ಕಟ್ಟುವ ಮೊದಲೇ ಅದರ ನಡವಳಿಕೆಯನ್ನು ಗಣಕದ ಪರದೆಯ ಮೇಲೆ ತೋರಿಸುವ ಸಿಮ್ಯುಲೇಟರ್ ತಂತ್ರಾಂಶಗಳೂ ಎರಡು ಬೇರೆಬೇರೆ ಕುಲಗಳಿಂದ ಬೆಳೆದುಬಂದಿವೆ. ಎಲ್ಲಕ್ಕಿಂತ ಉತ್ತಮವಾದ ಸಿಮ್ಯುಲೇಟರ್ ಯಾವುದೆಂದು ಹುಡುಕುವವರು ನಿರಾಶರಾಗುವುದಕ್ಕೆ ಈ ಭೇದವನ್ನು ಗಮನಿಸದಿರುವುದೇ ಮುಖ್ಯ ಕಾರಣ.

ವಿದ್ಯುತ್ತಿನ ಲೆಕ್ಕ ಮಾಡುವ ಕುಲಕ್ಕೆ ಮೂಲಪುರುಷನೆನ್ನಬಹುದಾದ ತಂತ್ರಾಂಶ ಸ್ಪೈಸ್. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಲಾರೆನ್ಸ್ ನಾಗೆಲ್ ರೂಪಿಸಿದ ಈ ತಂತ್ರಾಂಶ 1973ರಲ್ಲಿ ಬೆಳಕಿಗೆ ಬಂತು. ಅದನ್ನು ಮುಕ್ತವಾಗಿ ಹಂಚಬೇಕೆಂಬುದು ಪೆಡರ್ಸನ್ ಅವರ ನಿಲುವಾಗಿದ್ದುದರಿಂದ ಅದರ ಸಂತತಿ ಲೋಕದ ತುಂಬ ಹರಡಿತು. ಇಂದು ಹವ್ಯಾಸಿಗಳು ಉಚಿತವಾಗಿ ಬಳಸುವ ಎಲ್‌ಟಿಸ್ಪೈಸ್, ಎನ್‌ಜಿಸ್ಪೈಸ್‌ಗಳೂ ಆ ವಂಶದವೇ. ಸರ್ಕ್ಯೂಟಿನಲ್ಲಿ ತಂತಿಗಳು ಸೇರುವ ಪ್ರತಿಯೊಂದು ಸಂಧಿಯ ವೋಲ್ಟೇಜನ್ನೂ ಅಜ್ಞಾತವೆಂದು ಇಟ್ಟುಕೊಂಡು, ಸಂಧಿಗೆ ಬರುವ ಕರೆಂಟೂ ಅಲ್ಲಿಂದ ಹೊರಡುವ ಕರೆಂಟೂ ಸಮವಾಗಿರಬೇಕೆಂಬ ಕಿರ್ಚಾಫ್ ನಿಯಮದಿಂದ ಸಮೀಕರಣಗಳನ್ನು ಹೂಡಿ, ಕಾಲವನ್ನು ಅತಿಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದು ಹೆಜ್ಜೆಯಲ್ಲಿಯೂ ಆ ಸಮೀಕರಣಗಳನ್ನು ಬಿಡಿಸುತ್ತ ಹೋಗುವುದು ಸ್ಪೈಸ್‌ನ ಕ್ರಮ.

ಪ್ರೋಗ್ರಾಮನ್ನು ನಡೆಸಿ ತೋರಿಸುವ ಕುಲದ ಕ್ರಮ ಬೇರೆ. ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಸ್ ವೇಗದಲ್ಲಿ, ಎಂದರೆ ಸೆಕೆಂಡಿಗೆ 1.6 ಕೋಟಿ ಗಡಿಯಾರ ಬಡಿತಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅದರ ಸಿಮ್ಯುಲೇಟರ್ ಒಂದೊಂದು ಆದೇಶವನ್ನೂ ಓದಿ, ಪಿನ್ನು ಸೊನ್ನೆಯೋ ಒಂದೋ ಎಂಬುದನ್ನಷ್ಟೇ ನಿರ್ಧರಿಸಿ ಮುಂದೆ ಸಾಗುತ್ತದೆ. ಒಂದೊಂದು ಬಡಿತಕ್ಕೂ ಸ್ಪೈಸ್‌ನ ಸಮೀಕರಣಗಳನ್ನು ಬಿಡಿಸಹೊರಟರೆ ಸಾಧನದ ಒಂದು ಸೆಕೆಂಡಿನ ನಡೆಯನ್ನು ಕಾಣಲು ಬಹುಕಾಲ ಕಾಯಬೇಕಾಗುತ್ತದೆ. ಆದ್ದರಿಂದಲೇ ಬಹುಪಾಲು ತಂತ್ರಾಂಶಗಳು ಒಂದು ಪಕ್ಕವನ್ನು ನಿಷ್ಠೆಯಿಂದ ಹಿಡಿದು ಇನ್ನೊಂದನ್ನು ಸರಳಗೊಳಿಸುತ್ತವೆ ಅಥವಾ ಕೈಬಿಡುತ್ತವೆ.

ಈ ಮಾತಿನ ಮಹತ್ತ್ವ ಒಂದು ಸಾಮಾನ್ಯ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಮಣ್ಣಿನ ತೇವವನ್ನು ನೋಡಿ ನೀರಿನ ಪಂಪನ್ನು ಚಾಲೂ ಮಾಡುವ ಸಾಧನದಲ್ಲಿ ಊನೊ ಬೋರ್ಡು ಒಂದು ರಿಲೇಯನ್ನು, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ಹಾದಿಯನ್ನು ತೆರೆದು ಮುಚ್ಚುವ ವಿದ್ಯುತ್ಕಾಂತೀಯ ಸ್ವಿಚ್ಚನ್ನು, ನಿಯಂತ್ರಿಸುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 5 ವೋಲ್ಟಿನ ರಿಲೇಯ ಸುರುಳಿ ಸುಮಾರು 70 ಓಮ್‌ನದು. ಅದು ಎಳೆಯುವ ಕರೆಂಟು ಸುಮಾರು 70 ಮಿಲಿಆಂಪಿಯರ್. ಊನೊದ ಪಿನ್ನಿಗೆ ಹಿತವಾದದ್ದು 20 ಮಿಲಿಆಂಪಿಯರ್, ಮೀರಲೇಬಾರದ ಮಿತಿ 40. ಸೊನ್ನೆ-ಒಂದುಗಳನ್ನಷ್ಟೇ ಬಲ್ಲ ಸಿಮ್ಯುಲೇಟರ್‌ನಲ್ಲಿ ಸುರುಳಿಯನ್ನು ನೇರವಾಗಿ ಪಿನ್ನಿಗೆ ಜೋಡಿಸಿದರೂ ಪಂಪು ಓಡಿದಂತೆ ಕಾಣುತ್ತದೆ. ಮೇಜಿನ ಮೇಲೆ ಅದೇ ಜೋಡಣೆ ಚಿಪ್ಪನ್ನು ಕೆಡಿಸಬಲ್ಲದು.

ಈ ಸಾಧನದ ಪ್ರೋಗ್ರಾಮನ್ನು ಒರೆಗೆ ಹಚ್ಚಲು ಇಂದು ದೊರೆಯುವ ಸಾಧನಗಳಲ್ಲಿ ಊರಿ ಶಾಕೆಡ್ ಅವರು ಆರಂಭಿಸಿದ ವೋಕ್‌ವಿ ಅಗ್ರಗಣ್ಯವಾದುದು. ಬ್ರೌಸರ್‌ನಲ್ಲಿಯೇ ನಡೆಯುವ ಇದು ಆರ್ಡುಯಿನೊ ಅಲ್ಲದೆ ಇಎಸ್‌ಪಿ32, ರಾಸ್ಪ್‌ಬೆರಿ ಪೈ ಪಿಕೊಗಳನ್ನೂ ಅನುಕರಿಸುತ್ತದೆ; ಇಎಸ್‌ಪಿ32ಕ್ಕೆ ವೈಫೈ ಸಂಪರ್ಕವನ್ನೂ ಒದಗಿಸುತ್ತದೆ. ಪಿನ್ನುಗಳ ಏರಿಳಿತವನ್ನು ಕಾಲಾನುಕ್ರಮದಲ್ಲಿ ದಾಖಲಿಸುವ ಲಾಜಿಕ್ ಅನಲೈಸರ್ ಇದರಲ್ಲಿದೆ. ಗುಂಡಿಯನ್ನು ಒತ್ತಿದಾಗ ಅದರ ಲೋಹದ ಪಟ್ಟಿಗಳು ಕೆಲವು ಮಿಲಿಸೆಕೆಂಡು ಅದುರಿ ಒಂದೇ ಒತ್ತನ್ನು ಹಲವು ಒತ್ತುಗಳಂತೆ ತೋರಿಸುವ ದೋಷವನ್ನೂ ಇದು ಅನುಕರಿಸುತ್ತದೆ. ನಿಜಜಗತ್ತಿನ ಕುಂದನ್ನು ಮರೆಮಾಚದ ಈ ಗುಣ ಕಲಿಯುವವರಿಗೆ ಬಹಳ ಉಪಕಾರಿ. ಆದರೆ ರಿಲೇಯ ಸುರುಳಿ ಎಷ್ಟು ಕರೆಂಟು ಎಳೆಯಿತೆಂದು ಇದನ್ನು ಕೇಳಬಾರದು. ಆ ಲೆಕ್ಕ ಇದರ ವ್ಯಾಪ್ತಿಗೆ ಸೇರಿದ್ದಲ್ಲ.

ಆಟೋಡೆಸ್ಕ್ ಕಂಪನಿಯ ಉಚಿತ ಟಿಂಕರ್‌ಕ್ಯಾಡ್ ಎರಡು ಕುಲಗಳ ನಡುವೆ ನಿಲ್ಲುತ್ತದೆ. ಬ್ರೆಡ್‌ಬೋರ್ಡಿನ ಚಿತ್ರದ ಮೇಲೆ ತಂತಿ ಜೋಡಿಸಿ, ಮಲ್ಟಿಮೀಟರಿನಲ್ಲಿ ಕರೆಂಟು ಅಳೆದು, ರೆಸಿಸ್ಟರ್ ಇಲ್ಲದೆ ಜೋಡಿಸಿದ ಎಲ್‌ಇಡಿಗೆ ಅಪಾಯದ ಗುರುತು ಬೀಳುವುದನ್ನು ಕಾಣಬಹುದಾದ್ದರಿಂದ ಶಾಲಾ ವಿದ್ಯಾರ್ಥಿಯ ಮೊದಲ ಪಾಠಕ್ಕೆ ಇದಕ್ಕಿಂತ ಹಿತವಾದುದು ವಿರಳ. ಬಿಡಿಭಾಗಗಳ ಸಂಗ್ರಹ ಕಿರಿದಾದ್ದರಿಂದ ಬೆಳೆದ ಹವ್ಯಾಸಿ ಬೇಗನೆ ಇದರ ಅಂಚನ್ನು ಮುಟ್ಟುತ್ತಾನೆ.

ರಿಲೇಯ ಪ್ರಶ್ನೆಗೆ ನಿಷ್ಠುರವಾದ ಉತ್ತರ ಬೇಕಾದವರು ಎಲ್‌ಟಿಸ್ಪೈಸ್‌ಗೆ, ಇಲ್ಲವೇ ಸರ್ಕ್ಯೂಟ್ ವಿನ್ಯಾಸಕ್ಕೆ ಬಳಸುವ ಕೈಕ್ಯಾಡ್ ತಂತ್ರಾಂಶದೊಳಗೇ ಅಳವಟ್ಟಿರುವ ಎನ್‌ಜಿಸ್ಪೈಸ್‌ಗೆ ಹೋಗಬೇಕು. ಅಲ್ಲಿ ಮೈಕ್ರೊಕಂಟ್ರೋಲರ್ ಇರುವುದಿಲ್ಲ; ಅದರ ಪಿನ್ನಿನ ಬದಲು ಸೊನ್ನೆಗೂ 5 ವೋಲ್ಟಿಗೂ ಜಿಗಿಯುವ ಒಂದು ವೋಲ್ಟೇಜ್ ಮೂಲವನ್ನು ಇಟ್ಟರೆ ಸಾಕು. ಅದರಿಂದ 1 ಕಿಲೊಓಮ್ ರೆಸಿಸ್ಟರಿನ ಮೂಲಕ, ಸುರುಳಿಯ ಕರೆಂಟನ್ನು ತಾನು ಹೊರುವ ಬಿಸಿ547 ಟ್ರಾನ್ಸಿಸ್ಟರನ್ನು ಚಾಲೂ ಮಾಡಿದಾಗ ಪಿನ್ನು ಕೊಡಬೇಕಾದ ಕರೆಂಟು ಕೇವಲ 4.3 ಮಿಲಿಆಂಪಿಯರ್ ಎಂಬುದು ಕಾಣುತ್ತದೆ. ಟ್ರಾನ್ಸಿಸ್ಟರ್ ಮುಚ್ಚಿದ ಕ್ಷಣ ಸುರುಳಿಯಲ್ಲಿ ತುಂಬಿದ್ದ ಶಕ್ತಿ ದಾರಿಗಾಣದೆ, ಟ್ರಾನ್ಸಿಸ್ಟರಿನ ಸುರುಳಿಯ ಕಡೆಯ ತುದಿಯಾದ ಕಲೆಕ್ಟರಿನ ವೋಲ್ಟೇಜು ಬಿಸಿ547 ತಾಳಬಲ್ಲ 45 ವೋಲ್ಟನ್ನು ಬಹಳವಾಗಿ ಮೀರಿ ಚಿಮ್ಮುವುದೂ, ಸುರುಳಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡನ್ನು ತಿರುವಿ ಜೋಡಿಸಿದರೆ ಆ ವೋಲ್ಟೇಜು 6 ವೋಲ್ಟಿನ ಒಳಗೇ ಅಡಗುವುದೂ ಗ್ರಾಫಿನಲ್ಲಿ ಕಣ್ಣಿಗೆ ಕಟ್ಟುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಪರದೆಯ ಮೇಲಿನ ಟ್ರಾನ್ಸಿಸ್ಟರ್ ಆ ಏಟಿಗೆ ಸಾಯುವುದಿಲ್ಲ. ಅದು ಸಮೀಕರಣಗಳ ಮಾದರಿಯಷ್ಟೆ. ಮಿತಿ ಮೀರಿತೇ ಎಂಬುದನ್ನು ತಯಾರಕರ ಡೇಟಾಶೀಟಿನೊಂದಿಗೆ ತಾಳೆ ನೋಡುವ ಹೊಣೆ ಬಳಸುವವನದೇ.

ಎರಡನ್ನೂ ಒಟ್ಟಿಗೆ ನಡೆಸುವ ಪ್ರಯತ್ನಗಳಲ್ಲಿ ಇಂಗ್ಲೆಂಡಿನ ಲ್ಯಾಬ್‌ಸೆಂಟರ್ ಕಂಪನಿಯ ಪ್ರೋಟಿಯಸ್ ಪ್ರಸಿದ್ಧವಾದುದು. ಕಂಪೈಲ್ ಮಾಡಿದ ಹೆಕ್ಸ್ ಕಡತವನ್ನು ಚಿತ್ರದಲ್ಲಿರುವ ಚಿಪ್ಪಿಗೆ ತುಂಬಿದರೆ, ಪ್ರೋಗ್ರಾಮು ಓಡುತ್ತಿರುವಾಗಲೇ ಸುತ್ತಲಿನ ವೋಲ್ಟೇಜುಗಳನ್ನು ಸ್ಪೈಸ್ ಆಧಾರದ ಲೆಕ್ಕ ಕೊಡುತ್ತದೆ. ಇದು ಹಣ ಕೊಟ್ಟು ಪಡೆಯಬೇಕಾದ ತಂತ್ರಾಂಶವಾದ್ದರಿಂದ, ಪರವಾನಗಿ ಪಡೆದ ಕಾಲೇಜಿನ ಲ್ಯಾಬಿನಲ್ಲಿ ಅವಕಾಶವಿರುವವರಿಗೆ ಮಾತ್ರ ಸಹಜ ಆಯ್ಕೆ; ಕದ್ದ ಪ್ರತಿಯನ್ನು ಬಳಸುವುದು ತಪ್ಪು, ಉಚಿತವಾದ ಒಳ್ಳೆಯ ದಾರಿಗಳಿರುವಾಗ ಅನವಶ್ಯಕ ಕೂಡ. ಅಂಥ ದಾರಿಗಳಲ್ಲಿ ಸಿಮ್ಯುಲ್‌ಐಡಿಇ ಒಂದು. ಮುಕ್ತ ಆಕರದ ಈ ತಂತ್ರಾಂಶ ಅಂತರ್ಜಾಲದ ನೆರವಿಲ್ಲದೆ ಊನೊದ ಚಿಪ್ಪೂ ಸೇರುವ ಎವಿಆರ್ ವರ್ಗದ ಮತ್ತು ಪಿಕ್ ವರ್ಗದ ಚಿಪ್‌ಗಳನ್ನು ಸರ್ಕ್ಯೂಟಿನೊಂದಿಗೆ ನಡೆಸುತ್ತದೆ. ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಇದರ ಬೆಲೆ ಹೆಚ್ಚು. ನಿಖರ ವಿಶ್ಲೇಷಣೆ ತನ್ನ ಗುರಿಯಲ್ಲ, ವೇಗ ಮತ್ತು ಸರಳತೆ ತನ್ನ ಗುರಿ ಎಂದು ಅದು ತಾನೇ ಹೇಳಿಕೊಳ್ಳುವುದು ಮೆಚ್ಚತಕ್ಕ ಪ್ರಾಮಾಣಿಕತೆ. ಇಂಟೆಲ್ 1980ರಲ್ಲಿ ತಂದ 8051 ಚಿಪ್ಪಿನ ಮೂಲಕವೇ ವಿಷಯ ಪ್ರವೇಶಿಸುವ ವಿದ್ಯಾರ್ಥಿಗಳಿಗೆ ಎಡ್‌ಸಿಮ್51 ಎಂಬ ಪುಟ್ಟ ತಂತ್ರಾಂಶ ಉಂಟು.

ಭಾರತದ್ದೇ ಆದ ಕೊಡುಗೆಯೂ ಇದೆ. ಮುಂಬಯಿ ಐಐಟಿಯ ಫಾಸಿ ಯೋಜನೆ ಕೈಕ್ಯಾಡ್ ಮತ್ತು ಎನ್‌ಜಿಸ್ಪೈಸ್‌ಗಳನ್ನು ಕೂಡಿಸಿ ಇಸಿಮ್ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದೆ; ಅದೇ ಸಂಸ್ಥೆಯಲ್ಲಿ ಹುಟ್ಟಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ನೀಡುತ್ತಿದೆ.

ಯಾವ ಸಿಮ್ಯುಲೇಟರೂ ತಾನಾಗಿ ತೋರಿಸದ ಸಂಗತಿಗಳು ಕೆಲವಿವೆ. ಸಡಿಲವಾದ ಬ್ರೆಡ್‌ಬೋರ್ಡ್ ಸಂಪರ್ಕ, ಮೋಟಾರು ಹೊರಟಾಗ ಕುಸಿಯುವ ಅಗ್ಗದ ಅಡಾಪ್ಟರಿನ ವೋಲ್ಟೇಜು, ಚಿಪ್ಪಿನ ಬುಡದಲ್ಲಿ ಇರಬೇಕಾದ 0.1 ಮೈಕ್ರೊಫ್ಯಾರಡ್ ಕೆಪಾಸಿಟರಿನ ಕೊರತೆ, ಇವು ಪರದೆಯ ಆದರ್ಶ ತಂತಿಗಳಲ್ಲಿ ಸುಳಿಯುವುದಿಲ್ಲ. ಆದ್ದರಿಂದ ಸಿಮ್ಯುಲೇಟರ್ ಮಲ್ಟಿಮೀಟರಿಗೆ ಬದಲಿಯಲ್ಲ. ಅಳತೆಗೆ ಮುನ್ನ ಏನನ್ನು ನಿರೀಕ್ಷಿಸಬೇಕೆಂದು ತಿಳಿಸುವ ಸಹಾಯಕ.

ಹೀಗಿರುವಾಗ ಹವ್ಯಾಸಿ ಒಂದು ತಂತ್ರಾಂಶದ ಬದಲು ಒಂದು ಜೋಡಿಯನ್ನು ಆರಿಸಿಕೊಳ್ಳುವುದು ಉಚಿತ. ಪ್ರೋಗ್ರಾಮಿಗೆ ವೋಕ್‌ವಿ, ವಿದ್ಯುತ್ತಿಗೆ ಎಲ್‌ಟಿಸ್ಪೈಸ್ ಅಥವಾ ಎನ್‌ಜಿಸ್ಪೈಸ್ ಎಂಬ ಜೋಡಿ ಹೆಚ್ಚಿನವರ ಅಗತ್ಯವನ್ನು ಬಿಡಿಗಾಸಿನ ಖರ್ಚಿಲ್ಲದೆ ಪೂರೈಸುತ್ತದೆ. ಅಂತರ್ಜಾಲ ಸದಾ ಸಿಗದವರು ಮೊದಲನೆಯದರ ಸ್ಥಾನದಲ್ಲಿ ಸಿಮ್ಯುಲ್‌ಐಡಿಇಯನ್ನು ಇಟ್ಟುಕೊಳ್ಳಬಹುದು. ಹೊಸಬರು ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ತಮ್ಮ ಸಾಧನದ ಬಗೆಗಿನ ಸಂದೇಹಗಳನ್ನು ಬರೆದುಕೊಂಡು, ಪ್ರತಿಯೊಂದೂ ತರ್ಕದ್ದೋ ವಿದ್ಯುತ್ತಿನದೋ ಎಂದು ವಿಂಗಡಿಸಿ, ಅದಕ್ಕೆ ತಕ್ಕ ತಂತ್ರಾಂಶದಲ್ಲಿ ಉತ್ತರ ಹುಡುಕಲಿ.