ಎಡವುಗಲ್ಲು: ಹೆಸರು ಮುಚ್ಚಿಟ್ಟರೆ ಯಾರ ಮಾನ ಉಳಿಯುತ್ತದೆ?



ಸಂಘದ ಪತ್ರಿಕೆಯಲ್ಲಿ ನಾಟಕ, ಸಿನಿಮಾ, ಪುಸ್ತಕಗಳ ವಿಮರ್ಶೆ ಬರುವುದು ವಾಡಿಕೆ. ಈ ಸಲ ನಾವು ಎತ್ತಿಕೊಂಡಿರುವ ಕೃತಿಗೆ ರಂಗಮಂದಿರವಿಲ್ಲ, ಟಿಕೆಟ್ಟಿಲ್ಲ, ರಟ್ಟಿನ ಹೊದಿಕೆಯೂ ಇಲ್ಲ. ಜರ್ಮನಿಯಲ್ಲಿ ಮನೆ ಮಾಡಿಕೊಂಡಿರುವ ನಾವು ತರಕಾರಿ ಚೀಲ ಹಿಡಿದೋ ಮಕ್ಕಳ ಗಾಡಿ ತಳ್ಳಿಕೊಂಡೋ ಅದನ್ನು ದಾಟಿಯೇ ಹೋಗುತ್ತಿರುತ್ತೇವೆ. ಫುಟ್‌ಪಾತಿನ ಕಲ್ಲುಹಾಸಿನ ನಡುವೆ ಅಂಗೈಯಗಲದ ಒಂದು ಹಿತ್ತಾಳೆ ತಗಡು, ಅದರ ಮೇಲೆ ನಾಲ್ಕಾರು ಸಾಲು ಬರಹ. ಜರ್ಮನ್ ಭಾಷೆಯಲ್ಲಿ ಇದಕ್ಕೆ ಶ್ಟೋಲ್ಪರ್‌ಶ್ಟೈನ್ ಎನ್ನುತ್ತಾರೆ. ನಾವು 'ಎಡವುಗಲ್ಲು' ಎನ್ನೋಣ. ನೆಲದ ಮಟ್ಟಕ್ಕೇ ಇರುವುದರಿಂದ ಕಾಲು ಎಡವುವುದಿಲ್ಲ, ಎಡವಬೇಕಾದದ್ದು ಮನಸ್ಸು.

ಇದನ್ನು ರೂಪಿಸಿದವರು 1947ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಕಲಾವಿದ ಗುಂಟರ್ ಡೆಮ್ನಿಗ್. 1992ರ ಡಿಸೆಂಬರ್ 16ರಂದು ಕಲೋನ್ ನಗರದ ಪುರಭವನದ ಮುಂದೆ ಅವರು ಮೊದಲ ಕಲ್ಲನ್ನು ಕೂರಿಸಿದರು. ಸಿಂತಿ ಮತ್ತು ರೋಮಾ ಜನರನ್ನು ಆಶ್‌ವಿಟ್ಸ್‌ಗೆ ಸಾಗಿಸಬೇಕೆಂದು ಹಿಮ್ಲರ್ ಹೊರಡಿಸಿದ ಆಜ್ಞೆಗೆ ಅಂದು 50 ವರ್ಷ ತುಂಬಿತ್ತು. 1996ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯಲ್ಲಿ ಯಾರ ಅನುಮತಿಯನ್ನೂ ಕೇಳದೆ 50ಕ್ಕೂ ಹೆಚ್ಚು ಕಲ್ಲುಗಳನ್ನು ನೆಟ್ಟರು. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷದನೆಯ ಕಲ್ಲು ಕೂತಿತು. ಯಹೂದ್ಯರು, ಸಿಂತಿ-ರೋಮಾ ಜನ, ರಾಜಕೀಯ ವಿರೋಧಿಗಳು, ಸಲಿಂಗಿಗಳು, ಯೆಹೋವನ ಸಾಕ್ಷಿಗಳು, ಮನೋರೋಗಿಗಳು, ಅಂಗವಿಕಲರು, ಹೀಗೆ ನಾಜಿಗಳ ಕೈಗೆ ಸಿಕ್ಕ ಎಲ್ಲರಿಗೂ ಇಲ್ಲಿ ಒಂದೇ ಅಳತೆ: 10 ಸೆಂಟಿಮೀಟರಿನ ಕಾಂಕ್ರೀಟ್ ಘನ, ಮೇಲೆ ಹಿತ್ತಾಳೆ. ಕಾರ್ಖಾನೆಯಂತೆ ನಡೆದ ಕೊಲೆಗೆ ಕಾರ್ಖಾನೆಯ ಸ್ಮಾರಕ ಕೂಡದೆಂದು ಅಕ್ಷರಗಳನ್ನು ಒಂದೊಂದಾಗಿ ಕೈಯಿಂದಲೇ ಬಡಿದು ಮೂಡಿಸುತ್ತಾರೆ.

ಕೃತಿಯ ಮೊದಲ ಗುಣ ಅದರ ಮೊದಲ ಸಾಲಿನಲ್ಲೇ ಇದೆ. ಬಹುಪಾಲು ಕಲ್ಲುಗಳು 'ಹೀರ್ ವೋನ್‌ಟೆ' ಎಂದು ಶುರುವಾಗುತ್ತವೆ, ಅಂದರೆ 'ಇಲ್ಲಿ ವಾಸವಾಗಿದ್ದರು'. ಆಮೇಲೆ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಕೊನೆಗೆ ಏನಾಯಿತು. ಹುತಾತ್ಮ, ಅಮರ, ಪುಣ್ಯಾತ್ಮ ಎಂಬ ಮಾತುಗಳಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನಿಗೆ ಸ್ವರ್ಗದ ಸಮಾಧಾನವಾದರೂ ಉಂಟು. ಈ ಕಲ್ಲು ಆ ಸಮಾಧಾನ ಕೊಡುವುದಿಲ್ಲ. ಬರ್ಲಿನ್‌ನಲ್ಲಿ 2005ರಲ್ಲಿ ತೆರೆದ ಪೀಟರ್ ಐಸನ್‌ಮನ್ ಅವರ ಬೃಹತ್ ಸ್ಮಾರಕವನ್ನು ನಮ್ಮಲ್ಲಿ ಅನೇಕರು ಊರಿನಿಂದ ಬಂದ ನೆಂಟರಿಗೆ ತೋರಿಸಿರುತ್ತೇವೆ. ಅಲ್ಲಿ 2,711 ಕಾಂಕ್ರೀಟ್ ಕಂಬಗಳಿವೆ, ಒಂದರ ಮೇಲೂ ಹೆಸರಿಲ್ಲ. ಅಲ್ಲಿಗೆ ನಾವು ನೋಡಲೆಂದೇ ಹೋಗಬೇಕು. ಎಡವುಗಲ್ಲಾದರೋ ನಮ್ಮ ಬಾಗಿಲಿಗೇ ಬಂದಿರುತ್ತದೆ. ನಾವು ಬಾಡಿಗೆ ಕೊಟ್ಟು ಹತ್ತುವ ಮೆಟ್ಟಿಲನ್ನು ಅವರೂ ಹತ್ತಿ ಇಳಿದಿದ್ದರು, ಪಕ್ಕದ ಮನೆಯವರ ಕಣ್ಣೆದುರೇ ಹೊರಟುಹೋದರು ಎಂದು ಮೂರೇ ಸಾಲಿನಲ್ಲಿ ಹೇಳಿಬಿಡುತ್ತದೆ.

ಇನ್ನು ಆಕ್ಷೇಪಣೆಗಳು. ಮ್ಯೂನಿಕ್ ನಗರಸಭೆ 2004ರಲ್ಲಿ ಸಾರ್ವಜನಿಕ ನೆಲದಲ್ಲಿ ಈ ಕಲ್ಲುಗಳು ಕೂಡದೆಂದು ತೀರ್ಮಾನಿಸಿತು. 2015ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಈ ವಿರೋಧದ ಮುಂಚೂಣಿಯಲ್ಲಿದ್ದವರು ಅಲ್ಲಿನ ಯಹೂದಿ ಸಮುದಾಯದ ನಾಯಕಿ ಶಾರ್ಲೋಟ್ ಕ್ನೋಬ್ಲೋಖ್. ಬಾಲ್ಯದಲ್ಲಿ ಹಳ್ಳಿಯ ಕುಟುಂಬವೊಂದರಲ್ಲಿ ಅಡಗಿದ್ದು ಬದುಕಿ ಉಳಿದವರು. ಒಮ್ಮೆ ತುಳಿಸಿಕೊಂಡವರ ಹೆಸರನ್ನು ಮತ್ತೆ ಬೂಟುಗಳ ಕೆಳಗೆ ಹಾಕುವುದೇ ಎಂಬುದು ಅವರ ವಾದ. ಕಾಗದಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಂಡು ಬೆಳೆದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ನಮ್ಮ ಕಡೆಯ ಹಳೆಯ ದೇವಸ್ಥಾನಗಳಲ್ಲಿ ಅಡ್ಡಬಿದ್ದ ಭಕ್ತನ ರೂಪವನ್ನು ನೆಲಗಲ್ಲಿನಲ್ಲೇ ಕೆತ್ತಿರುವುದುಂಟಲ್ಲ ಎಂದು ಯಾರಾದರೂ ಕೇಳಬಹುದು. ಉಂಟು. ಆದರೆ ಬಂದವರ ಪಾದಧೂಳಿ ತನಗೆ ತಾಗಲಿ ಎಂದು ಆ ಭಕ್ತ ತಾನೇ ಬಯಸಿದ್ದ. ಇವರನ್ನು ಯಾರೂ ಕೇಳಲಿಲ್ಲ.

ಇತ್ತ ಕಲ್ಲಿನ ಪರವಾದ ಮಾತೂ ಸಣ್ಣದಲ್ಲ: ಅದನ್ನು ಓದಬೇಕಾದರೆ ತಲೆ ಬಾಗಿಸಲೇಬೇಕು. ಮ್ಯೂನಿಕ್‌ನಲ್ಲಿ 2018ರಿಂದ ಗೋಡೆಗೋ ಕಂಬಕ್ಕೋ ಕಣ್ಣಿನ ಎತ್ತರದಲ್ಲಿ ಫಲಕಗಳನ್ನು ಹಾಕುತ್ತಿದ್ದಾರೆ. ಅದೂ ಮರ್ಯಾದೆಯ ದಾರಿಯೇ. ನೆಲವೋ ಗೋಡೆಯೋ ಎಂಬ ತೀರ್ಮಾನ ಸತ್ತವರ ಕಡೆಯವರದಾಗಲಿ ಎಂಬುದಷ್ಟೇ ನಮ್ಮ ಮಾತು.

ನಮ್ಮ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು ಕಲ್ಲಿನ ಜಾಗವಲ್ಲ, ಅದರ ಮಾತು. ಹ್ಯಾಂಬರ್ಗ್‌ನಲ್ಲಿ ಕೆಲವು ಕಲ್ಲುಗಳ ಮೇಲೆ ನಾಜಿ ನ್ಯಾಯಾಲಯದ ಪದವನ್ನೇ, 'ರೂಢಿಗತ ಅಪರಾಧಿ' ಎಂಬಂಥದನ್ನು, ಉದ್ಧರಣ ಚಿಹ್ನೆಯೊಳಗೆ ಕೆತ್ತಲಾಯಿತು. ಅನ್ಯಾಯದ ಭಾಷೆ ಎಂಥದಿತ್ತೆಂದು ಜನ ತಿಳಿಯಲಿ ಎಂಬುದು ಡೆಮ್ನಿಗ್ ಅವರ ಸಮರ್ಥನೆ. ಸಂಬಂಧಿಕರಿಗೆ ಮಾತ್ರ ನೋವಾಯಿತು. ಇಲ್ಲಿ ನಾವು ಸಂಬಂಧಿಕರ ಪಕ್ಷ. ಸ್ಕೂಲಿಗೆ ಓಡುತ್ತಿರುವ ಮಗುವಿಗೆ ಉದ್ಧರಣ ಚಿಹ್ನೆ ಕಾಣುವುದಿಲ್ಲ, 'ಅಪರಾಧಿ' ಎಂಬುದೇ ಕಾಣುತ್ತದೆ. ಅದನ್ನು ಅಲ್ಲಗಳೆಯುವ ಇನ್ನೊಂದು ಮಾತು ಪಕ್ಕದಲ್ಲಿಲ್ಲ.

ಇದಕ್ಕೆ ಹೋಲಿಸಿ ರೋಗಿಗಳ ಕಲ್ಲುಗಳನ್ನು ನೋಡಿ. ಅವುಗಳಲ್ಲಿ ಕೆಲವದರ ಮೇಲೆ 'ಫರ್‌ಲೇಗ್ಟ್' ಎಂಬ ಪದವಿದೆ. ರೋಗಿಯನ್ನು ಬೇರೆ ಕಡೆಗೆ ವರ್ಗಾಯಿಸಿದೆ ಎಂದರ್ಥ. ಇಲ್ಲಿನ ವಾರ್ಡುಗಳಲ್ಲಿ ವೈದ್ಯರಾದ ನಾವು ನಿತ್ಯ ಬರೆಯುವ ಪದ. ಅದಕ್ಕೂ ಉದ್ಧರಣ ಚಿಹ್ನೆಯೇ. ಆದರೆ ಮುಂದಿನ ಸಾಲು 'ಎರ್‌ಮೋರ್ಡೆಟ್', 'ಕೊಲೆಯಾದರು' ಎಂದಿದೆ. ಮೇಲಿನ ಸಾಲಿನ ಸುಳ್ಳನ್ನು ಕೆಳಗಿನ ಸಾಲು ಹಿಡಿದುಕೊಡುತ್ತದೆ. ಕೊಲೆಗಾರನ ಪದವನ್ನು ಬಳಸಲೇಬೇಕಾದರೆ ಹೀಗೆ ಬಳಸಬೇಕು.

ಆ ಸುಳ್ಳು ಬರೆದವರು ನಮ್ಮ ವೃತ್ತಿಯವರೇ. ಬರ್ಲಿನ್‌ನ ಟೀರ್‌ಗಾರ್ಟನ್ ರಸ್ತೆಯ 4ನೇ ನಂಬರಿನ ಮನೆಯಿಂದ ನಡೆದದ್ದರಿಂದ ಆ ಕಾರ್ಯಾಚರಣೆಗೆ 'ಟಿ4' ಎಂದು ಹೆಸರು. ಮನೋರೋಗ ಆಸ್ಪತ್ರೆಗಳಿಂದ ತರಿಸಿದ ಫಾರ್ಮುಗಳನ್ನು ತಜ್ಞ ವೈದ್ಯರು ರೋಗಿಯ ಮುಖವನ್ನೂ ನೋಡದೆ ಓದುತ್ತಿದ್ದರು. ಕೆಂಪು ಪೆನ್ಸಿಲಿನ ಕೂಡುವ ಗುರುತು ಹಾಕಿದರೆ ಸಾವು, ನೀಲಿ ಕಳೆಯುವ ಗುರುತು ಹಾಕಿದರೆ ಬದುಕು. 1940 ಮತ್ತು 41ರಲ್ಲಿ ಗ್ರಾಫೆನೆಕ್, ಹಾಡಮಾರ್, ಹಾರ್ಟ್‌ಹೈಮ್ ಮೊದಲಾದ ಆರು ಕಡೆ ಸುಮಾರು 70 ಸಾವಿರ ರೋಗಿಗಳನ್ನು ವಿಷಾನಿಲದಿಂದ ಕೊಂದರು. ಗ್ಯಾಸಿನ ಕೊಳಾಯಿ ತಿರುಗಿಸುವುದು ವೈದ್ಯರ ಕೆಲಸವೆಂದೇ ನಿಯಮವಿತ್ತು. ಆಮೇಲೆ ಮನೆಯವರಿಗೆ ಸುಳ್ಳು ಕಾರಣ ಬರೆದ ಪತ್ರ ಹೋಗುತ್ತಿತ್ತು. ಅಪೆಂಡಿಕ್ಸನ್ನು ಎಂದೋ ತೆಗೆಸಿಕೊಂಡಿದ್ದವರು ಅಪೆಂಡಿಸೈಟಿಸ್‌ನಿಂದ ತೀರಿಕೊಂಡರೆಂದು ಪತ್ರ ಬಂದದ್ದೂ ಇದೆ! 1941ರ ಆಗಸ್ಟ್‌ನಲ್ಲಿ ಬಿಷಪ್ ಫಾನ್ ಗಾಲೆನ್ ಬಹಿರಂಗವಾಗಿ ಖಂಡಿಸಿದರು. ಅದೇ ತಿಂಗಳು ವಿಷಾನಿಲ ನಿಂತಿತು, ಕೊಲೆ ನಿಲ್ಲಲಿಲ್ಲ. ಹಸಿವು ಮತ್ತು ಔಷಧಿಗಳಿಂದ ಯುದ್ಧ ಮುಗಿಯುವವರೆಗೂ ನಡೆಯಿತು.

ಯುದ್ಧದ ನಂತರ ಈ ರೋಗಿಗಳ ಹೆಸರು ಬಹುಕಾಲ ಹೊರಬರಲಿಲ್ಲ. ಸ್ಮರಣ ಗ್ರಂಥಗಳಲ್ಲೂ ಎಷ್ಟೋ ಕಡೆ ಮೊದಲ ಹೆಸರು, ಮುಂದೆ ಒಂದು ಇನಿಷಿಯಲ್. ರೋಗಿಯ ಗುಟ್ಟು ಕಾಪಾಡಬೇಕು, ವಂಶದವರಿಗೆ ಕಳಂಕ ಬರಬಾರದು ಎಂಬ ಕಾರಣ ಕೊಟ್ಟರು. ಜರ್ಮನಿಯ ಫೆಡರಲ್ ಪತ್ರಾಗಾರವು ಸುಮಾರು 30 ಸಾವಿರ ಹೆಸರುಗಳ ಪಟ್ಟಿಯನ್ನು ಬಹಿರಂಗಪಡಿಸಿದ್ದು 2018ರಲ್ಲಿ. ಎಡವುಗಲ್ಲು ಮಾತ್ರ ಅದಕ್ಕೂ ಮುಂಚೆಯೇ ಪೂರ್ತಿ ಹೆಸರನ್ನು ಬೀದಿಯಲ್ಲಿ ಬರೆದಿಟ್ಟಿತು. ಈ ಕೃತಿಯ ಅತಿ ದೊಡ್ಡ ಸಾಧನೆ ಇದೇ ಎಂದು ನಮ್ಮ ಅಭಿಪ್ರಾಯ. ರೋಗಿಯ ಗುಟ್ಟನ್ನು ಕಾಪಾಡುತ್ತೇವೆಂದು ವೈದ್ಯರು ಮಾಡುವ ಪ್ರತಿಜ್ಞೆ ರೋಗಿಯ ಹಿತಕ್ಕಾಗಿ ಇದೆ. ಅವನನ್ನು ಕೊಂದವರಿಗೆ ಅದು ಹೊದಿಕೆಯಾಗಬಾರದು. ರೋಗದ ಹೆಸರು ಕಲ್ಲಿಗೆ ಬೇಕಿಲ್ಲ. ಮನುಷ್ಯನ ಹೆಸರು ಬೇಕು.

ವಂಶದ ಕಳಂಕ ಎಂಬ ಭಯ ಜರ್ಮನರದು ಮಾತ್ರವೇ? 1933ರ ಕಾನೂನು ಮನೋರೋಗ, ಮೂರ್ಛೆರೋಗ, ಹುಟ್ಟುಕಿವುಡುಗಳಿಗೆ 'ಆನುವಂಶಿಕ' ಎಂಬ ಮುದ್ರೆ ಒತ್ತಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಮಾಡಿಸಿತು. ಹೀಗಾಗಿ ಇಲ್ಲಿಯ ಮನೆಗಳಲ್ಲಿ ಎಷ್ಟೋ ಅತ್ತೆಯರ, ಚಿಕ್ಕಪ್ಪಂದಿರ ಹೆಸರು ಮಾತಿನಲ್ಲಿ ಬರುವುದೇ ನಿಂತಿತು. ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ. ಆದರೂ ಸಂಬಂಧ ಕೂಡಿಸುವ ಹೊತ್ತಿಗೆ ಫಿಟ್ಸ್ ಬರುವ ಅಣ್ಣನನ್ನು ಒಳಕೋಣೆಯಲ್ಲಿ ಕೂರಿಸುವುದು, ಮಾನಸಿಕ ಆಸ್ಪತ್ರೆಯಲ್ಲಿದ್ದ ಚಿಕ್ಕಮ್ಮನನ್ನು ವಂಶಾವಳಿಯಿಂದ ಬಿಡುವುದು ನಮಗೇನೂ ಹೊಸದಲ್ಲ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಕೊಲೆಗೂ ಮುಚ್ಚುಮರೆಗೂ ಅಜಗಜಾಂತರ. ಆದರೆ ಬದುಕಿದ್ದಾಗಲೇ ಮನೆಯವರು ಹೆಸರಳಿಸಿದವರನ್ನು ಕೊಂಡೊಯ್ಯಲು ಬಂದಾಗ ಕೇಳುವವರು ಕಡಿಮೆಯಾಗಿರುತ್ತಾರೆ. ಕಲ್ಲು ನಮಗೆ ಕಲಿಸುವುದು ಇದನ್ನೇ.

ನಮ್ಮ ರಾಜ್ಯೋತ್ಸವ ಕಳೆದ ವಾರಕ್ಕೆ ನವೆಂಬರ್ 9 ಬರುತ್ತದೆ. 1938ರಲ್ಲಿ ಅಂದು ರಾತ್ರಿ ಯಹೂದ್ಯರ ಪ್ರಾರ್ಥನಾ ಮಂದಿರಗಳಿಗೂ ಅಂಗಡಿಗಳಿಗೂ ಬೆಂಕಿ ಬಿದ್ದಿತ್ತು. ಅನೇಕ ಊರುಗಳಲ್ಲಿ ಆ ದಿನ ಜನ ಕಪ್ಪಾದ ಎಡವುಗಲ್ಲುಗಳನ್ನು ಉಜ್ಜಿ ಬೆಳಗುತ್ತಾರೆ. ಹುಣಸೆಹಣ್ಣು ಹಾಕಿ ಹಿತ್ತಾಳೆ ಬೆಳಗಿದ ಕೈ ನಮ್ಮದು, ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳನ್ನೂ ಕರೆದುಕೊಂಡು ಹೋಗಿ; ಹೆಸರನ್ನು ಗಟ್ಟಿಯಾಗಿ ಓದಲು ಹೇಳಿ. ನಮ್ಮ ಮನೆಯಲ್ಲಿ ಹೀಗೆ ಹೆಸರು ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದರೆ ಮಾತು ಮರೆಸಬೇಡಿ.

ಈ ಅಭಿಪ್ರಾಯಕ್ಕೆ ಒಪ್ಪದವರು, ಅದರಲ್ಲೂ ಮ್ಯೂನಿಕ್ ಕಡೆಯ ಸದಸ್ಯರು, ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳುಹಿಸಲಿ. ಸಂಪಾದಕರು ಜಾಗ ಮಾಡಿಕೊಡುತ್ತಾರೆಂಬ ಭರವಸೆ ನಮಗಿದೆ.