ಪ್ರೌಢಶಾಲೆಯಲ್ಲಿ ವಿಕ್ಟೋರಿಯಾ ಯುಗದ ಕಾದಂಬರಿ: 'ದಿ ಮೂನ್‌ಸ್ಟೋನ್' ಕುರಿತು ಒಂದು ವಿಚಾರ

ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲಿಷ್ ಕಾದಂಬರಿಗಳು ನಮ್ಮ ಶಾಲೆಗಳಿಗೆ ಹೊಸವಲ್ಲ. ಡಿಕನ್ಸ್, ಜಾರ್ಜ್ ಎಲಿಯಟ್ ಮೊದಲಾದವರ ಕೃತಿಗಳು ಬಹುಮಟ್ಟಿಗೆ ಸಂಗ್ರಹರೂಪದಲ್ಲಿ, ಉಪಪಠ್ಯಗಳಾಗಿ, ವಿದ್ಯಾರ್ಥಿಗಳ ಕೈಸೇರಿವೆ. ಸಂಗ್ರಹದಲ್ಲಿ ಕಥೆ ಉಳಿಯುತ್ತದೆ. ಕಥೆ ಹುಟ್ಟಿದ ಕಾಲ ಅಳಿದುಹೋಗುತ್ತದೆ. ಆದುದರಿಂದ ಇವನ್ನು ಕಲಿಸಬೇಕೆ ಬೇಡವೆ ಎಂಬುದಕ್ಕಿಂತ ಯಾವುದನ್ನು, ಹೇಗೆ ಕಲಿಸಬೇಕೆಂಬುದೇ ಮುಖ್ಯವಾದ ಪ್ರಶ್ನೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಪ್ರೌಢಶಾಲಾ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಎಂಬ ಕೃತಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಕಾದಂಬರಿ 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹೊರಬಂದಿತು. ಪತ್ತೇದಾರಿ ಕಾದಂಬರಿಗಳ ಪರಂಪರೆಯಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವುಂಟು. ಕಥೆಯ ಬಹುಭಾಗ ಇಂಗ್ಲೆಂಡಿನಲ್ಲಿ ನಡೆಯುವುದಾದರೂ ಅದರ ಪೀಠಿಕೆ ಶ್ರೀರಂಗಪಟ್ಟಣದ್ದು. 1799ನೆಯ ಮೇ 4ರಂದು ಕೋಟೆ ಬಿದ್ದಾಗ ಹರ್ನ್‌ಕಾಸಲ್ ಎಂಬ ಆಂಗ್ಲ ಅಧಿಕಾರಿ ಟಿಪ್ಪುವಿನ ಆಯುಧಾಗಾರದಿಂದ ಒಂದು ವಜ್ರವನ್ನು ಅಪಹರಿಸುತ್ತಾನೆ. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಆ ವಜ್ರವನ್ನು ಮರಳಿ ಪಡೆಯಲು ಮೂವರು ಬ್ರಾಹ್ಮಣರು ಸಮುದ್ರವನ್ನೂ ದಾಟುತ್ತಾರೆ. ಕೊನೆಗೆ ಅದು ಕಾಠಿಯಾವಾಡದ ದೇವರ ಹಣೆಯನ್ನು ಸೇರುತ್ತದೆ.

ಸೋಮನಾಥಪುರದಿಂದ ಶ್ರೀರಂಗಪಟ್ಟಣ ಕೆಲವೇ ಹರದಾರಿಗಳ ದೂರ. ಆದರೆ ಈ ನೆರೆಹೊರೆಯೊಂದೇ ಕಾರಣವಾಗಿ ಕೃತಿಯನ್ನು ಶಿಫಾರಸು ಮಾಡುತ್ತಿಲ್ಲ. ವಿದ್ಯಾರ್ಥಿಯು ತನಗೆ ತಿಳಿದುದರ ಬಲದಿಂದ ಈ ಗ್ರಂಥಕರ್ತನನ್ನು ಪರೀಕ್ಷಿಸಬಲ್ಲನೆಂಬುದು ವಿಶೇಷ. ತನ್ನ ಊರಿಗೆ ಹೆಸರು ಬಂದುದು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನಿಂದ. ಕೇಶವ ದೇವಾಲಯ 1258ರಲ್ಲಿ ಅವನು ಕಟ್ಟಿಸಿದ್ದು. ಗುಜರಾತಿನ ಸೋಮನಾಥನಾದರೋ ಸೋಮನಿಗೆ ಒಡೆಯನಾದ ಶಿವ. ಅಲ್ಲಿ ಪೂಜೆಗೊಳ್ಳುವುದು ಲಿಂಗ. ಕಾಲಿನ್ಸನು ಅಲ್ಲಿ ಚಂದ್ರದೇವನ ವಿಗ್ರಹವನ್ನು ನಿಲ್ಲಿಸಿದ್ದಾನೆ. ಅವನು ಭಾರತವನ್ನು ಕಂಡವನಲ್ಲ. ಮುದ್ರಿತವಾದುದೆಲ್ಲ ಪ್ರಮಾಣವಲ್ಲವೆಂಬ ಪಾಠವನ್ನು ಹದಿನಾಲ್ಕರ ಹುಡುಗ ಕಲಿಯಲು ಇದಕ್ಕಿಂತ ಸುಲಭವಾದ ಉದಾಹರಣೆ ವಿರಳ.

ಕೃತಿಯ ರಚನೆಯೂ ಈ ಪಾಠಕ್ಕೆ ಅನುಕೂಲವಾಗಿದೆ. ಇಲ್ಲಿ ಕಥೆಯನ್ನು ಹೇಳುವವನು ಒಬ್ಬನಲ್ಲ. ಮನೆಯ ಮುದುಕ ಮೇಸ್ತ್ರಿ, ಮತಾಭಿಮಾನದ ಹೆಂಗಸು, ವಕೀಲ, ವೈದ್ಯನ ಸಹಾಯಕ ಹೀಗೆ ಹಲವರು ತಾವು ಬಲ್ಲಷ್ಟನ್ನು ಮಾತ್ರ ಬರೆದುಕೊಡುತ್ತಾರೆ. ಪೀಠಿಕೆಯ ಲೇಖಕನು ಕಂಡದ್ದು ಹರ್ನ್‌ಕಾಸಲನ ಕೈಯ ದೀವಟಿಗೆಯನ್ನೂ ನೆತ್ತರು ತೊಟ್ಟಿಕ್ಕುವ ಕಠಾರಿಯನ್ನೂ, ಕೊಲೆಯನ್ನೇ ಕಂಡವನಲ್ಲ. ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬಿಡಿಸುವುದೇ ಇತಿಹಾಸ ವ್ಯಾಸಂಗದ ಮೊದಲ ಮೆಟ್ಟಿಲು. ಶಾಸನವನ್ನು ಓದುವಾಗಲೂ ಬರೆಸಿದವರಾರು, ಏತಕ್ಕೆ ಎಂದೇ ಕೇಳುತ್ತೇವಲ್ಲವೆ?

ಹಾಗೆಂದು ಕೃತಿ ನಿರ್ದೋಷವೆನ್ನಲಾಗದು. ಇಷ್ಟು ಮಂದಿ ಸಾಕ್ಷಿಗಳ ನಡುವೆ ಆ ಮೂವರು ಬ್ರಾಹ್ಮಣರಿಗೆ ತಮ್ಮ ಹೇಳಿಕೆಯನ್ನು ಬರೆಯುವ ಅವಕಾಶವಿಲ್ಲ. ಇದಕ್ಕಿಂತ ಗುರುತರವಾದ ಆಕ್ಷೇಪಣೆ ಇನ್ನೊಂದುಂಟು. ಕಾದಂಬರಿಯಲ್ಲಿ ಕೊಳ್ಳೆ ಒಬ್ಬ ದುಷ್ಟನ ಪಾಪ. ದಂಡನಾಯಕ ಬೇರ್ಡ್ ಕೊಳ್ಳೆಗಾರರನ್ನು ಗಲ್ಲಿಗೇರಿಸುವೆನೆಂದು ಸಾರಿಸುತ್ತಾನೆ. ನಿಜವಾಗಿಯೂ ಆರ್ಥರ್ ವೆಲ್ಲೆಸ್ಲಿಯು ಕೆಲವರನ್ನು ನೇಣಿಗೇರಿಸಿ ಊರಿನಲ್ಲಿ ಶಾಂತಿಯನ್ನು ಸ್ಥಾಪಿಸಿದನು. ಆದರೆ ಆ ಬಳಿಕ ಅರಮನೆಯ ಐಶ್ವರ್ಯವನ್ನು ಸೈನ್ಯಕ್ಕೆ ದರ್ಜೆಯನುಸಾರ ವಿಧಿವತ್ತಾಗಿ ಹಂಚಲಾಯಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡುಮಾಡಿದರು. ಅದರ ಹುಲಿಯ ಮುಖ ಇಂಗ್ಲೆಂಡಿನ ರಾಜಸಂಗ್ರಹವನ್ನು ಸೇರಿತು. ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅಪ್ಪಣೆಯಿಲ್ಲದೆ ಕದ್ದವನನ್ನು ಶಪಿಸುವ ಕಾದಂಬರಿ ಅಪ್ಪಣೆಯಿಂದ ಒಯ್ದವರ ಮಾತೆತ್ತುವುದಿಲ್ಲ. ಆದರೂ 1857 ಕಳೆದು ಹನ್ನೊಂದೇ ವರ್ಷಗಳಲ್ಲಿ, ಒಯ್ದ ವಸ್ತು ಒಡೆಯನಿಗೆ ಮರಳುವುದು ನ್ಯಾಯವೆಂದು ಆಂಗ್ಲ ಓದುಗರ ಮುಂದೆ ಕಥೆಯನ್ನು ಮುಗಿಸಿದುದು ಸಣ್ಣ ಧೈರ್ಯವಲ್ಲ. ಈ ಮೆಚ್ಚುಗೆ, ಆ ಆಕ್ಷೇಪಣೆ ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ವಿದ್ಯಾರ್ಥಿ ಕಲಿಯಬೇಕು.

ಗ್ರಂಥ ದೊಡ್ಡದು, ಭಾಷೆ ಕಠಿನ. ಕನ್ನಡ ಮಾಧ್ಯಮದ ಮಕ್ಕಳಿಗೆ ಹೊರೆಯಾದೀತೆಂಬ ಮಾತು ಒಪ್ಪತಕ್ಕದ್ದೇ. ಮಾಧ್ಯಮಿಕ ತರಗತಿಗಳಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಪ್ರೌಢಶಾಲೆಯಲ್ಲಿ ಪೀಠಿಕೆ, ಇಬ್ಬರು ಮೂವರ ಹೇಳಿಕೆಗಳ ಆಯ್ದ ಅಧ್ಯಾಯಗಳು ಮತ್ತು ಉಪಸಂಹಾರವನ್ನು ಮೂಲದಲ್ಲಿಯೇ ಓದಿಸಬಹುದು. ನಡುವಣ ಕಥೆಯನ್ನು ಉಪಾಧ್ಯಾಯರು ಹೇಳಿ ಕೂಡಿಸಬಹುದು. ಎಷ್ಟೇ ಸಂಗ್ರಹಿಸಿದರೂ ಪೀಠಿಕೆ, ಉಪಸಂಹಾರಗಳಿಗೆ ಕತ್ತರಿ ಹಾಕಕೂಡದು. ಅವನ್ನು ಕಳೆದರೆ ಉಳಿಯುವುದು ಒಂದು ಸಿರಿವಂತ ಮನೆಯ ಕಳವಿನ ಕಥೆ ಮಾತ್ರ. ಇಂಗ್ಲಿಷ್ ಮತ್ತು ಇತಿಹಾಸದ ಉಪಾಧ್ಯಾಯರು ಕೂಡಿ ಪಾಠಮಾಡುವುದು ಮೇಲು.

ಸೋಮನಾಥಪುರದ ದೇವಾಲಯ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಮೂರು ಗರ್ಭಗೃಹಗಳಲ್ಲಿ ಜನಾರ್ದನ, ವೇಣುಗೋಪಾಲರು ಉಳಿದಿದ್ದಾರೆ, ಕೇಶವನ ಮೂಲವಿಗ್ರಹವಿಲ್ಲ. ಆ ಬಾಗಿಲಲ್ಲಿ ನಿಂತು ನೋಡಿದ ಮಗುವಿಗೆ, ದೇವರ ಹಣೆಯಿಂದ ಹೋದ ಕಲ್ಲಿನ ಕಥೆ ಪರದೇಶದ್ದೆಂದು ತೋರಲಾರದು. ವಸ್ತು ಯಾರದು, ಒಯ್ದವರಾರು, ಹೇಳುತ್ತಿರುವವರಾರು ಎಂದು ಕೇಳುವ ಅಭ್ಯಾಸವೊಂದು ಬೆಳೆದರೆ ಈ ಪಾಠ ಸಾರ್ಥಕವಾದಂತೆಯೇ ಸರಿ.