ಪುತ್ತರಿ ಹೊತ್ತಿನ ಪತ್ರಿಕೆ

ಬಿ.ಎಸ್. ಗೋಪಾಲಕೃಷ್ಣ 1957ರಲ್ಲಿ ಮಡಿಕೇರಿಯಲ್ಲಿ ‘ಶಕ್ತಿ’ ಪತ್ರಿಕೆ ಶುರು ಮಾಡಿದರು. ರಾಜ್ಯಮಟ್ಟದ ಪತ್ರಿಕೆಗಳು ಒಂದೆರಡು ಕಾಲಂಗಳಲ್ಲಿ ಮುಗಿಸುವ ಕೊಡಗು ಇಂಥ ಊರ ಪತ್ರಿಕೆಗೆ ಇಡೀ ಲೋಕ. ಅದರ ಬೆಲೆ ನನಗೆ ಹೆಚ್ಚು ಅನ್ನಿಸುವುದು ಚಳಿಗಾಲದಲ್ಲಿ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯನ್ನೇ ನೋಡಿ. ಕಕ್ಕಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಮುಹೂರ್ತ ನಿಗದಿಯಾಗುತ್ತದೆ: ಎಲೆಗಳ ‘ನೆರೆ’ ಕಟ್ಟಲು ಒಂದು ಗಳಿಗೆ, ಕದಿರು ತೆಗೆಯಲು ಇನ್ನೊಂದು. ಹುಣ್ಣಿಮೆಯ ಬೆಳಕಲ್ಲಿ ಗದ್ದೆಗಿಳಿದು, ಕೋವಿಯಿಂದ ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುವ ಮನೆಮಂದಿಗೆ ಆ ಗಳಿಗೆ ನಿಮಿಷವೂ ತಪ್ಪದೆ ಬೇಕು. ಅದನ್ನು ಸರಿಯಾಗಿ ಅಚ್ಚು ಹಾಕುವುದು ಸಣ್ಣ ಕೆಲಸವಲ್ಲ. ಎಷ್ಟು ದೊಡ್ಡ ತಲೆಬರಹಕ್ಕೂ ಇಷ್ಟು ಆಸೆಯಿಂದ ಕಾಯುವ ಓದುಗರಿರುವುದಿಲ್ಲ!

ಆ ಹೊತ್ತಿಗೇ ಅರೇಬಿಕಾ ಕಾಫಿಯ ಕೊಯ್ಲು. ಕಣದಲ್ಲಿ ಹಣ್ಣು ಒಣಗುವಾಗ ಅಕಾಲ ಮಳೆ ಬಂದರೆ ವರ್ಷದ ದುಡಿಮೆಯೇ ಹಾಳು. ಕೊಯ್ಲಿನ ಇನ್ನೊಂದು ಭಯ ಕಾಡಾನೆ. ತೋಟಕ್ಕೆ ಅದು ನುಗ್ಗಿದೆ ಎಂಬ ಸುದ್ದಿಯಲ್ಲಿ ನಾನು ಮೊದಲು ಹುಡುಕುವುದು ಊರಿನ ಹೆಸರನ್ನು. ‘ಕೊಡಗಿನಲ್ಲಿ ಆನೆ’ ಎಂದರೆ ಬೆಂಗಳೂರಿಗೆ ಸಾಕು. ನಸುಕಿಗೇ ಕೊಯ್ಲಿಗೆ ಹೊರಡುವ ಹೆಂಗಸಿಗೆ ಯಾವ ಊರು, ಯಾವ ತೋಟ, ಯಾವ ದಾರಿ ಎಂದು ತಿಳಿಯಬೇಕು. ಊರು ಬಲ್ಲ ವರದಿಗಾರ ಅದನ್ನು ಮೊದಲ ಸಾಲಿನಲ್ಲೇ ಬರೆಯುತ್ತಾನೆ.